ಅಜ್ಜಿಯ ತೊಟ್ಟಿಗೆ ಬಂದ ಮತ್ಸ್ಯಾವತಾರ

ಬೆಳಿಗ್ಗೆ ದೀಪ ಹಚ್ಚಿ, "ಇವತ್ತಾದ್ರೂ ಯಾರ ಹತ್ರಾನೂ ಬೈಸಬೇಡಪ್ಪಾ" ಅಂತ ಕೈಮುಗಿದೇ ನಾನು ಮನೆಯಿಂದ ಹೊರಡುವುದು. ಭಗವಂತ ದೊಡ್ಡವನು, ಬೈಸುವುದಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಗಿಸಿ ಕಳಿಸುತ್ತಾನೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಸೊಳ್ಳೆಮರಿ ಹುಡುಕುವ ಆಶಾ ಕಾರ್ಯಕರ್ತೆಗೆ ನಗುವಿಗೇನು ಬರ!

ಈ ಮಳೆಗಾಲ ಮಾತ್ರ ನಗುವಿನ ಜೊತೆ ಭಯವೂ ಇತ್ತು. ನಮ್ಮ ಬೀದಿಗೆ ಡೆಂಗಿ ಕಾಲಿಟ್ಟಿತ್ತು. ಮೂಲೆಮನೆ ಅಜ್ಜಿಯ ಮೊಮ್ಮಗಳು ಹಸುಗೂಸು ಎತ್ತಿಕೊಂಡು ಬಾಣಂತನಕ್ಕೆ ಅಲ್ಲಿಗೇ ಬರುವವಳಿದ್ದಳು. ಅಷ್ಟರೊಳಗೆ ಬೀದಿಯ ಯಾವ ಮನೆ ನೀರಲ್ಲೂ ಒಂದು ಸೊಳ್ಳೆಹುಳ ಇರಕೂಡದು ಅಂತ ದೇವರ ಮುಂದೆ ಹರಕೆ ಹೊತ್ತೆ.

ಒಳ್ಳೆ ನೀರು

ಮಗ್ಗದ ಯಜಮಾನರ ಡ್ರಮ್ಮಿಗೆ ಟಾರ್ಚ್ ಬಿಟ್ಟೆ. ಹುಳಗಳು ಕುಣಿಯುತ್ತಿದ್ದವು.

"ಚೆಲ್ಲಿಬಿಡಿ ಯಜಮಾನ್ರೇ."

"ಏನಮ್ಮಾ ಹಂಗಂದ್ರೆ? ನಲ್ಲೀಲಿ ಮತ್ತೆ ಯಾವಾಗ ಬರ್ತದೋ ಏನೋ! ಸೊಳ್ಳೆ ಆಗೋದು ಮೋರೀಲಿ ಕಣಮ್ಮಾ."

"ಡೆಂಗಿ ಸೊಳ್ಳೆ ಹಂಗಲ್ಲ, ಅದಕ್ಕೆ ಒಳ್ಳೆ ನೀರೇ ಬೇಕು."

ಅವರ ಮುಖ ಅರಳಿಹೋಯಿತು. ಎದುರುಮನೆಯವರನ್ನು ಕೂಗಿದರು: "ನಮ್ಮನೆ ನೀರು ನಾರ್ತದೆ ಅಂತಿದ್ಯಲ್ಲ, ಬಾರಯ್ಯಾ ಇಲ್ಲಿ! ಸರ್ಕಾರದೋರೇ ಬಂದು ಒಳ್ಳೆ ನೀರು ಅಂದ್ರು!"

ಜೀವದಯೆ

ಆ ಖುಷಿಯಲ್ಲಿ ಅವರಿರುವಾಗಲೇ ಡ್ರಮ್ಮು ಬಗ್ಗಿಸಿ, ಮೂಲೆಮನೆಗೆ ಓಡಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ ಅಂತ ಅಜ್ಜಿಗೆ ಹೇಳಿದ್ದೆ. ನೋಡಿದರೆ ಬಿಂದಿಗೆಗಳೆಲ್ಲ ತಿಳಿತಿಳಿ!

"ಶಹಬ್ಬಾಸ್ ಅಜ್ಜೀ! ಬಟ್ಟೇಲಿ ಸಿಕ್ಕಿದ ಹುಳ ಏನ್ ಮಾಡಿದ್ರಿ?"

"ಅವೂ ಜೀವ ಅಲ್ವೇನವ್ವಾ? ಸಾಯ್ಲಿ ಅಂತ ಎಸೆಯಕ್ಕಾಗ್ತದಾ? ಹೊರಗಡೆ ಒರಳಲ್ಲಿ ಮಳೆನೀರು ನಿಂತಿತ್ತು, ಮೆಲ್ಲಗೆ ಬಿಟ್ಟೆ. ಚೆನ್ನಾಗವೆ, ನೋಡು ಬಾ."

ತೊಟ್ಟಿಯ ದೇವರು

ಒರಳಿನ ನೀರು ಬಳಿದು ಚೆಲ್ಲಿದ್ದಾಯಿತು. ಉಳಿದದ್ದು ಅಜ್ಜಿಯ ಹಿತ್ತಲಿನ ದೊಡ್ಡ ತೊಟ್ಟಿ. ಅದಕ್ಕೆ ಬಿಡಲು ಹುಳ ತಿನ್ನುವ ಪುಟ್ಟ ಮೀನು ತಂದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

"ಮೀನಾ? ನಮ್ಮನೇಲಾ? ರಾಮ ರಾಮ!"

ನಾನು ಮನೆದೇವರನ್ನು ನೆನೆದು ಕೇಳಿದೆ, "ಅಜ್ಜೀ, ನಾರಾಯಣನ ಮೊದಲ್ನೇ ಅವತಾರ ಯಾವ್ದು?"

ಅಜ್ಜಿ ಗಲ್ಲ ಬಡಿದುಕೊಂಡು ದಾರಿ ಬಿಟ್ಟರು.

ವಾರ ಬಿಟ್ಟು ಹೋಗಿ ನೋಡಿದರೆ ತೊಟ್ಟಿಗೆ ಅರಿಶಿನ ಕುಂಕುಮ, ಮುಂದೆ ರಂಗೋಲಿ! ಮೀನುಗಳು ಗುಂಡುಗುಂಡಾಗಿ ತೇಲುತ್ತಿದ್ದವು. ಹುಳಗಳು ಅವುಗಳ ಮೂತಿ ಮುಂದೆಯೇ ಮೆರವಣಿಗೆ ಹೊರಟಿದ್ದವು.

"ದಿನಾ ಕಡ್ಲೆಪುರಿ ನೈವೇದ್ಯ ಮಾಡ್ತೀನವ್ವಾ," ಅಜ್ಜಿ ಹಿಗ್ಗಿದರು.

"ಹೊಟ್ಟೆ ತುಂಬಿದ್ರೆ ಹುಳ ಯಾಕ್ ತಿಂತವೆ ಅಜ್ಜೀ? ಏನೂ ಹಾಕ್ಬೇಡಿ."

"ದೇವ್ರನ್ನ ಉಪವಾಸ ಕೆಡವು ಅಂತೀಯಾ?"

ಕೂಸು ಬರುವುದಕ್ಕೆ ಎರಡೇ ದಿನ! ಅಯ್ಯೋ ತಂದೇ ಅಂದುಕೊಳ್ಳುವಷ್ಟರಲ್ಲಿ ಅವನೇ ಬುದ್ಧಿ ಕೊಟ್ಟ.

"ನಾಳೆ ಏಕಾದಶಿ ಅಲ್ವಾ ಅಜ್ಜೀ? ನಿಮ್ಮ ಜೊತೆ ಅವೂ ಉಪವಾಸ ಇರ್ಲಿ."

ಅದಕ್ಕೆ ಮಾತ್ರ ಅಜ್ಜಿ ಒಪ್ಪಿದರು.

ದ್ವಾದಶಿ ಬೆಳಿಗ್ಗೆ ಓಡೋಡಿ ಹೋಗಿ ಟಾರ್ಚ್ ಬಿಟ್ಟೆ. ಒಂದು ಹುಳವಿಲ್ಲ! ಕೂಸು ನಿಶ್ಚಿಂತೆಯಿಂದ ಬರಬಹುದು ಅಂತ ಕಣ್ಣು ತುಂಬಿ ಬಂತು, ಕೈ ಮುಗಿದೆ. ಅಜ್ಜಿ ಮಾತ್ರ ತೊಟ್ಟಿಗೆ ಬೆನ್ನು ತಿರುಗಿಸಿ, ಮುಖ ಊದಿಸಿಕೊಂಡು ಕೂತಿದ್ದರು.

"ಯಾಕಜ್ಜೀ, ಏನಾಯ್ತು?"

"ಒಂದು ತೊಟ್ಟು ನೀರೂ ಕುಡೀದೆ ಕೂತಿದ್ದೋಳು ನಾನೊಬ್ಳೇ! ನಿನ್ನ ನಾರಾಯಣ ಏಕಾದಶಿ ದಿನ, ನನ್ನ ಕಣ್ಣೆದುರಿಗೇ, ಬೆಳಗಿಂದ ಸಂಜೆಗಂಟ ಬಾಡೂಟ ಹೊಡೆದ ಕಣವ್ವಾ!"