ಹಿಂದಿಯೋ ಗಾಡಿಯೋ

ಬದುಕಿನಲ್ಲಿ ಯಾವುದು ಕಡ್ಡಾಯ ವಿಷಯ, ಯಾವುದು ಐಚ್ಛಿಕ ವಿಷಯ ಎಂಬುದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಬೆಳಗಿನ ಚಹಾ ಕಡ್ಡಾಯ. ಅದನ್ನು ಯಾರು ಮಾಡಬೇಕೆಂಬುದೂ ಕಡ್ಡಾಯ. ಕುಡಿದ ಕಪ್ಪನ್ನು ಎತ್ತಿ ಒಳಗಿಡುವುದು ಮಾತ್ರ ಐಚ್ಛಿಕ. ನಮ್ಮ ಮನೆಯವರು ಆ ವಿಷಯವನ್ನು ಇಲ್ಲಿಯವರೆಗೆ ಒಮ್ಮೆಯೂ ಆರಿಸಿಕೊಂಡಿಲ್ಲ. ನಾವು ಶಾಲೆಗೆ ಹೋಗುವ ಕಾಲದಲ್ಲಂತೂ ಆಯ್ಕೆ ಎಂಬ ಮಾತೇ ಇರಲಿಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ, ಇಷ್ಟನ್ನೂ ಕಣ್ಣು ಮುಚ್ಚಿ ನುಂಗಬೇಕು. ಹುಡುಗಿಯರಾದರೆ ಮೇಲಿಷ್ಟು ಹೊಲಿಗೆ. ನಾವು ಆರಿಸಿಕೊಳ್ಳಬಹುದಾಗಿದ್ದದ್ದು ಕೂಡುವ ಬೆಂಚು ಒಂದನ್ನೇ. ಅದನ್ನೂ ಮಾಸ್ತರು ಮರುದಿನ ಬದಲಿಸಿಬಿಡುತ್ತಿದ್ದರು.

ಈಗ ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಹಿಂದಿ ನಮ್ಮಲ್ಲಿ ಮೂರನೇ ಭಾಷೆ. ಎಲೆಯ ಮೇಲಿನ ಉಪ್ಪಿನಕಾಯಿಯ ಹಾಗೆ, ಇದ್ದರೆ ಯಾರೂ ಹೊಗಳುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಹಿಂದಿ ಕಲಿಸುವ ಮಜವೇ ಬೇರೆ. ಮರಾಠಿ ಮನೆಯ ಮಕ್ಕಳಿಗೆ ಅಕ್ಷರ ಮೊದಲೇ ಬರುತ್ತದೆ, ಮಾತು ಬರುವುದಿಲ್ಲ. ಉರ್ದು ಮನೆಯ ಮಕ್ಕಳಿಗೆ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಬರುವುದಿಲ್ಲ. ಕನ್ನಡದ ಮಕ್ಕಳಿಗೆ ಎರಡೂ ಬರುವುದಿಲ್ಲವಾದ್ದರಿಂದ ಅವರು ಬಹಳ ಶಿಸ್ತಿನಿಂದ ಬೋರ್ಡು ನೋಡಿ ಬರೆಯುತ್ತಾರೆ. ಒಂದು ಬೆಂಚಿನ ಮೇಲೆ ಮೂರೂ ಥರದವರನ್ನು ಕೂಡಿಸಿಬಿಟ್ಟರೆ ಮೂವರೂ ಸೇರಿ ಒಬ್ಬ ಪೂರ್ತಿ ವಿದ್ಯಾರ್ಥಿ ಆಗುತ್ತಾರೆ. ಈ ವ್ಯವಸ್ಥೆಯಲ್ಲಿ ನಾನು ಸುಖವಾಗಿದ್ದೆ.

ಸುಖಕ್ಕೆ ಕಲ್ಲು ಹಾಕಿದವರು ನಮ್ಮ ಹೆಡ್‌ಮಾಸ್ತರು. ಒಂದು ದಿನ ಶೇಂಗಾ ಸುಲಿಯುತ್ತ, ಹವಾಮಾನದ ಸುದ್ದಿ ಹೇಳುವಷ್ಟು ಆರಾಮಾಗಿ ಹೇಳಿದರು: "ಟೀಚರ, ಬರೂ ವರ್ಷದಿಂದ ನಮ್ಮ ಸಾಲ್ಯಾಗ ಆಟೋಮೊಬೈಲ್ ವಿಷಯ ಬರತೈತ್ರಿ. ಒಂಬತ್ತನೇತ್ತೆ ಹುಡುಗ್ರು ಬೇಕಂದ್ರ ಹಿಂದಿ ಬಿಟ್ಟು ಅದನ್ನ ತಗೋಬಹುದು. ನಿಮ್ಮ ಕಡೆ ಹುಡುಗ್ರು ಕಡಿಮಿ ಬಿದ್ರ ನಿಮ್ಮ ಹುದ್ದೆ ಹೆಚ್ಚುವರಿ ಆಗತೈತಿ ನೋಡ್ರಿ." ಹೆಚ್ಚುವರಿ ಆದರೆ ಏನಾಗುತ್ತದೆ ಎಂದು ಕೇಳಿದೆ. "ಎಲ್ಲಿ ಖಾಲಿ ಐತಿ ಅಲ್ಲಿಗೆ ಹಾಕ್ತಾರ. ಕುಂಬಾರವಾಡದ ಕಡೆ ಖಾಲಿ ಐತಿ ಅಂತ ಕೇಳೇನಿ. ಶೇಂಗಾ ತಗೋರಿ." ಕುಂಬಾರವಾಡದ ಬಗ್ಗೆ ನನ್ನದೇನೂ ತಕರಾರಿಲ್ಲ. ಒಳ್ಳೆಯ ಜನ, ಒಳ್ಳೆಯ ಗಾಳಿ. ಆದರೆ ಅಲ್ಲಿಯ ಬಸ್ಸೂ ಐಚ್ಛಿಕ ವಿಷಯವೇ, ಬಂದರೆ ಬಂತು. ಮನೆ, ಮಗಳು, ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಹನ್ನೊಂದಕ್ಕೆ ಎರಡನೇ ಚಹಾದ ದಾರಿ ಕಾಯುವ ಗಂಡ, ಇವರನ್ನೆಲ್ಲ ಬಿಟ್ಟು ನಾನು ಕಾಡಿನ ದಾರಿಯಲ್ಲಿ ಬಸ್ಸಿಗೆ ಕೈ ಮಾಡುತ್ತ ನಿಲ್ಲುವುದನ್ನು ನೆನೆಸಿಕೊಂಡರೆ ಕುಂಬಾರವಾಡ ಬೇಡವೇ ಬೇಡ ಎನಿಸಿತು. ಶೇಂಗಾ ಮಾತ್ರ ತಿಂದೆ.

ಅಂದಿನಿಂದ ನಾನು ಚುನಾವಣೆಗೆ ನಿಂತವಳ ಹಾಗೆ ಪ್ರಚಾರಕ್ಕೆ ಹೊರಟೆ. ಎಂಟನೇ ತರಗತಿಯ ಮಕ್ಕಳ ಮನೆಮನೆಗೆ ಹೋಗುವುದು, ಕೈ ಮುಗಿಯುವುದು, ಅಜ್ಜಿಯ ಮಂಡಿನೋವು ವಿಚಾರಿಸುವುದು, ಆಮೇಲೆ ಮೆಲ್ಲಗೆ ಹಿಂದಿಯ ಮಾತು ತೆಗೆಯುವುದು. ಮೊದಲ ಸೋಲು ಬಸಪ್ಪ ಎಂಬ ರೈತರ ಮನೆಯಲ್ಲಿ ಆಯಿತು. ಅವರು ನನ್ನ ಭಾಷಣವನ್ನೆಲ್ಲ ಸಮಾಧಾನದಿಂದ ಕೇಳಿ, "ಅಕ್ಕೋರ, ಟಿವಿ ಹಚ್ಚಿ ಕುಂತ್ರ ಹಿಂದಿ ತಾನ ಬರತೈತ್ರಿ. ಟಿವಿ ಹಚ್ಚಿ ಕುಂತ್ರ ಟ್ರ್ಯಾಕ್ಟರ್ ರಿಪೇರಿ ಆಕ್ಕೈತೇನ್ರಿ?" ಎಂದರು. ಅವರ ಹೆಂಡತಿ ಕೊಟ್ಟ ಚುರಮುರಿ ತಿಂದು ಎದ್ದು ಬಂದೆ.

ನಿಜವಾದ ಭಯ ಇದ್ದದ್ದು ಗ್ಯಾರೇಜು ಸಾಲಿನ ಬಗ್ಗೆ. ನನ್ನ ಹಳೆಯ ಸ್ಕೂಟರನ್ನು ಮೇಲಿಂದ ಮೇಲೆ ಬದುಕಿಸಿ ಕೊಡುವ ಮಕ್ಬೂಲ್ ಭಾಯಿಯ ಅಂಗಡಿ ಆ ಸಾಲಿನಲ್ಲೇ ಇದೆ. ಅವರ ಮಗ ಆಸಿಫ್ ನನ್ನ ವಿದ್ಯಾರ್ಥಿ. ಮೆಕ್ಯಾನಿಕರ ಮಕ್ಕಳೆಲ್ಲ ಆಟೋಮೊಬೈಲಿಗೇ ಹೋಗುತ್ತಾರೆಂದು ನಾನು ಮೊದಲೇ ಆಸೆ ಬಿಟ್ಟಿದ್ದೆ. ಹೋದ ತಪ್ಪಿಗೆ, ಮಗನನ್ನು ಆಟೋಮೊಬೈಲಿಗೇ ಹಾಕುತ್ತೀರಾ ಎಂದು ಕೇಳಿದೆ. ಮಕ್ಬೂಲ್ ಭಾಯಿ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, "ಅಯ್ಯ, ಅದೊಂದು ಬ್ಯಾಡ್ರಿ ಟೀಚರ! ಈಗ ನಾ ಹೇಳಿದ್ದು ಕೇಳ್ಕೊಂಡು ಸುಮ್ನ ಇರ್ತಾನ. ನಾಳೆ ಪುಸ್ತಕ ಓದ್ಕೊಂಡು ಬಂದು, ಗಿರಾಕಿ ಮುಂದ 'ಅಬ್ಬಾಜಾನ್, ನಿಂದು ತಪ್ಪೈತಿ' ಅಂದ್ರ ನಾ ಎಲ್ಲಿ ಮಾರಿ ಇಟ್ಕೊಳ್ಲಿ? ಅವಂಗ ಹಿಂದೀನ ಹಚ್ಚರಿ" ಎಂದರು. ಅಷ್ಟೇ ಅಲ್ಲ, ಈ ಅಪಾಯವನ್ನು ಪಕ್ಕದ ಅಂಗಡಿಗಳಿಗೂ ತಿಳಿಸಿದರು. ಸಂಜೆಯೊಳಗೆ ಇಡೀ ಗ್ಯಾರೇಜು ಸಾಲು ಒಮ್ಮತದಿಂದ ಹಿಂದಿಯ ಪರವಾಯಿತು. ನನಗೆ ಆದ ಸಂತೋಷಕ್ಕೆ ಅಲ್ಲಿಯೇ ಸ್ಕೂಟರಿಗೆ ಹೊಸ ಕನ್ನಡಿ ಹಾಕಿಸಿಕೊಂಡೆ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ವಿಜಯದ ಕಥೆಯನ್ನು ಬಣ್ಣ ಹಚ್ಚಿ ಹೇಳುತ್ತಿದ್ದೆ. ನನ್ನ ಮಗಳು ಸ್ನೇಹಾ ನಮ್ಮ ಶಾಲೆಯಲ್ಲೇ ಎಂಟನೇ ತರಗತಿ ಮುಗಿಸುತ್ತಿದ್ದಳು. ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ, "ಅವ್ವಾ, ನಾ ಆಟೋಮೊಬೈಲ್ ತಗೋತೇನಿ" ಎಂದಳು.

"ಯಾಕವಾ? ನಾ ಏನ್ ಮಾಡಿದ್ನಿ?"

"ಏನೂ ಮಾಡಿಲ್ಲ. ಮನ್ಯಾಗೂ ನೀನ, ಸಾಲ್ಯಾಗೂ ನೀನ. ಒಂದ ತಾಸರ ಬ್ಯಾರೆದವರ ಕಡೆ ಬೈಸ್ಕೋತೇನಿ."

ನಮ್ಮ ಮನೆಯವರು ಮಜ್ಜಿಗೆ ಕುಡಿಯುತ್ತಿದ್ದವರು ನಕ್ಕು ನೆತ್ತಿಗೆ ಏರಿಸಿಕೊಂಡರು. ನನಗೆ ನಗು ಬರಲಿಲ್ಲ. ನಿಜವಾಗಿಯೂ ಬೇಜಾರಾಯಿತು. ಕಂಡವರ ಮಕ್ಕಳಿಗೆಲ್ಲ ಕೈ ಮುಗಿದು ಬಂದವಳಿಗೆ ಸ್ವಂತ ಮನೆಯಲ್ಲೇ ಠೇವಣಿ ಹೋಯಿತಲ್ಲ! ಶಾಲೆಯಲ್ಲಿ ಸುದ್ದಿ ತಿಳಿದಾಗ ಹೆಡ್‌ಮಾಸ್ತರು, "ದೀಪದ ಬುಡಕ್ಕ ಕತ್ತಲಿ ಬಿಡ್ರಿ" ಎಂದು ಮತ್ತೆ ಶೇಂಗಾ ಕೊಟ್ಟರು. ಅಂತೂ ಜೂನ್‌ನಲ್ಲಿ ಗ್ಯಾರೇಜಿನ ಮಕ್ಕಳೆಲ್ಲ ಹಿಂದಿಗೆ, ಹಿಂದಿ ಟೀಚರ ಮಗಳು ಗ್ಯಾರೇಜಿಗೆ ಎಂದು ಇತ್ಯರ್ಥವಾಯಿತು. ನನ್ನ ಹುದ್ದೆ ಉಳಿಯಿತು. ನೆಮ್ಮದಿಯ ನಿದ್ದೆ ಬಂತು, ಮಗಳ ಮೇಲಿನ ಸಿಟ್ಟೂ ತಾನಾಗಿ ಇಳಿಯಿತು. ಅವಳು ದಿನಾ ಉಗುರಿನಲ್ಲಿ ಗ್ರೀಸು ತುಂಬಿಕೊಂಡು, ಮುಖ ತುಂಬ ನಗು ತುಂಬಿಕೊಂಡು ಬರುತ್ತಿದ್ದರೆ ಯಾವ ತಾಯಿಗೆ ಸಿಟ್ಟು ಉಳಿದೀತು?

ಆಟೋಮೊಬೈಲ್ ಕಲಿಸಲು ಬಂದವರು ದಾಂಡೇಲಿಯ ಕಡೆಯ ಒಬ್ಬ ಯುವಕ. ಪಾಪ, ಅವರ ಕೋಣೆಗೆ ಗೋಡೆಯ ಮೇಲಿನ ಚಿತ್ರಪಟಗಳು ಬಂದಿದ್ದವು, ಇಂಜಿನ್ ಬಂದಿರಲಿಲ್ಲ. ಒಂದು ಬೆಳಿಗ್ಗೆ ಗೇಟಿನ ಮುಂದೆಯೇ ನನ್ನ ಸ್ಕೂಟರು ಮುಷ್ಕರ ಹೂಡಿತು. ಸ್ನೇಹಾ ಓಡಿ ಬಂದು, "ಟೀಚರ್, ನಮ್ಮ ಸರ್ ನೋಡ್ತಾರಂತ, ಕೊಡ್ರಿ" ಎಂದಳು. ಶಾಲೆಯಲ್ಲಿ ಅವಳು ನನ್ನನ್ನು ಟೀಚರ್ ಎಂದೇ ಕರೆಯಬೇಕೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಗೆದ್ದವರಿಗೆ ಮನಸ್ಸು ದೊಡ್ಡದಾಗುತ್ತದೆ ನೋಡಿ. ಎಲ್ಲ ಮಕ್ಕಳ ಮುಂದೆ ನಾನು, "ತಗೋರಿ ಸರ್, ಎಷ್ಟು ದಿನಾ ಬೇಕಾದ್ರೂ ಇಟ್ಕೋರಿ, ಮಕ್ಕಳು ಕಲೀಲಿ" ಎಂದುಬಿಟ್ಟೆ. ಅವರೂ ಮಕ್ಕಳೂ ಚಪ್ಪಾಳೆ ತಟ್ಟಿದರು.

ಸಂಜೆ ಹೋಗಿ ನೋಡಿದರೆ ಸ್ಕೂಟರು ಇರಲಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ನಟ್ಟು, ಬೋಲ್ಟು, ಚಕ್ರ, ನನ್ನ ಹೊಸ ಕನ್ನಡಿ, ಎಲ್ಲವನ್ನೂ ಸಂತೆಯ ತರಕಾರಿಯಂತೆ ಹರಡಿದ್ದರು. ಒಂದೊಂದಕ್ಕೂ ಹೆಸರಿನ ಚೀಟಿ ಬೇರೆ. ಮಕ್ಕಳ ಮುಖದಲ್ಲಿ ಏನು ಹೆಮ್ಮೆ! ನಾನು ಮಗಳನ್ನು ಪಕ್ಕಕ್ಕೆ ಕರೆದು, ಇದನ್ನು ಯಾವಾಗ ಜೋಡಿಸಿ ಕೊಡುತ್ತೀರಿ ಎಂದು ಮೆಲ್ಲಗೆ ಕೇಳಿದೆ.

"ಜೋಡಸೂದು ಈ ವರ್ಷ ಇಲ್ರಿ ಟೀಚರ್," ಎಂದಳು ಅವಳು, ಪಾಠ ಒಪ್ಪಿಸುವ ದನಿಯಲ್ಲಿ. "ಒಂಬತ್ತನೇತ್ತೆಗೆ ಬಿಚ್ಚೂದಷ್ಟ ಐತಿ. ಜೋಡಸೂದು ಹತ್ತನೇತ್ತೆ ಸಿಲಬಸ್ಸಿನ್ಯಾಗ ಬರತೈತಿ."

ಈಗ ನಾನು ದಿನಾ ಶಾಲೆಗೆ ನಡೆದು ಹೋಗುತ್ತೇನೆ. ನಡಿಗೆ ಮೈಗೆ ಒಳ್ಳೆಯದೇ. ಆದರೆ ಮಗಳ ಓದಿನ ಮೇಲೆ ನನಗೆ ಹಿಂದೆಂದೂ ಇಲ್ಲದ ಕಾಳಜಿ ಹುಟ್ಟಿದೆ. ಬೆಳಿಗ್ಗೆ ಎಬ್ಬಿಸಿ ಓದಿಸುತ್ತೇನೆ, ಹಾಲು ಕೊಡುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ದೇವರಿಗೆ ಕೈ ಮುಗಿಯುತ್ತೇನೆ. ಅವಳೇನಾದರೂ ಒಂಬತ್ತರಲ್ಲಿ ನಪಾಸಾದರೆ, ನಡೆಯಬೇಕಾದವಳು ನಾನು.