ಫಳ್ನೀರಿನಿಂದ ಆಗ್ರಾಕ್ಕೆ, ಕೊಟ್ಟಾರ ಮಾರ್ಗವಾಗಿ

ಮದುವೆಯ ಬೆಳ್ಳಿಹಬ್ಬಕ್ಕೆ ತಾಜ್ ಮಹಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ನನ್ನ ಹೆಸರು ರೊಸಾಲಿನ್ ಅಲ್ಲ!

ಈ ಘೋಷಣೆಯನ್ನು ನಾನು ಮನೆಯೊಳಗೆ ಮಾಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಾಡಿದ್ದು ಲಿಫ್ಟಿನಲ್ಲಿ, ಕೆಳಗಿನ ಮಾಳಿಗೆಯ ಮಟಿಲ್ಡಾ ಬಾಯಿಯ ಎದುರು. ಹಿರಿಯ ಹೆಂಗಸರನ್ನು ನಾವು ಕೊಂಕಣಿಯವರು ಗೌರವದಿಂದ ‘ಬಾಯಿ’ ಎನ್ನುತ್ತೇವೆ. ಮಟಿಲ್ಡಾರ ವಿಷಯದಲ್ಲಿ ಅದನ್ನು ಕನ್ನಡದಲ್ಲೇ ಅರ್ಥ ಮಾಡಿಕೊಂಡರೂ ತಪ್ಪಿಲ್ಲ. ಲಿಫ್ಟ್ ಕೆಳಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು!

“ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಿನಲ್ಲಿ ಉಂಟು ಮಾರಾಯ್ತಿ. ಸ್ವಲ್ಪ ಮೆಲ್ಲ,” ಎಂದರು ಪತಿರಾಯರಾದ ರಾಫೆಲ್.

“ನಾನು ಇಪ್ಪತ್ತೈದು ವರ್ಷ ವೇಟ್ ಮಾಡಿದ್ದೇನೆ. ರೈಲಿಗೆ ಎಂತ ಧಾಡಿ?”

ಹೊರಡುವ ದಿನ ಫಳ್ನೀರಿನ ನಮ್ಮ ಕಟ್ಟಡವಿಡೀ ಗೇಟಿಗೆ ಬಂದು ಕೈಬೀಸಿತು. ಎದುರುಮನೆಯ ಜಯ ದಾರಿಗೆಂದು ಗೋಳಿಬಜೆ ಕಟ್ಟಿಕೊಟ್ಟಳು. ಗಡಿಗೆ ಹೊರಟ ಯೋಧರನ್ನೂ ಇಷ್ಟು ಭಾವುಕರಾಗಿ ಕಳುಹಿಸುವುದಿಲ್ಲ! ಸ್ಟೇಷನ್ನಿನಲ್ಲಿ ಗೋಳಿಬಜೆ ಮುಗಿಯುವಾಗ ಮೊಬೈಲಿಗೆ ಚಾರ್ಟ್ ಬಂತು. ನಾವು ವೇಟಿಂಗ್ ಲಿಸ್ಟಿನಲ್ಲಿ ಒಂದು ಮತ್ತು ಎರಡು. ಜನ್ಮದಲ್ಲಿ ಮೊದಲ ಸಲ ನನಗೆ ಪ್ರಥಮ ಸ್ಥಾನ ಬಂದದ್ದು ಹೀಗೆ. ರೈಲು ಹೋಯಿತು. ನಾವು ಉಳಿದೆವು.

“ಮನೆಗೆ ಹೋಗುವ,” ಎಂದರು ರಾಫೆಲ್.

“ಯಾವ ಮುಖ ಹೊತ್ತುಕೊಂಡು?”

“ಇರುವುದು ಒಂದೇ ಅಲ್ವಾ?”

ಕಾನ್ವೆಂಟಿನಲ್ಲಿ ಹತ್ತು ವರ್ಷ ನೀತಿಪಾಠಕ್ಕೆ ನೂರಕ್ಕೆ ನೂರು ತೆಗೆದ ನಾನು ಅಂದು ಸಂಜೆ, ಮಟಿಲ್ಡಾ ಬಾಯಿ ಜಪಸರಕ್ಕೆ ಕುಳಿತ ಹೊತ್ತು ನೋಡಿ, ಸೂಟ್‌ಕೇಸಿನ ಚಕ್ರ ಸದ್ದು ಮಾಡಬಾರದೆಂದು ಅದನ್ನು ಪತಿರಾಯರ ತಲೆಯ ಮೇಲೆ ಹೊರಿಸಿ, ಹಿಂದಿನ ಮೆಟ್ಟಿಲೇರಿ ನಮ್ಮದೇ ಮನೆಗೆ ಕಳ್ಳರಂತೆ ನುಗ್ಗಿದೆ. ಪ್ರವಾಸ ಒಂದು ವಾರದ್ದೆಂದು ಸಾರಿಯಾಗಿತ್ತು. ಆದ್ದರಿಂದ ಒಂದು ವಾರ ಅಜ್ಞಾತವಾಸ!

ಅದೂ ಮೇ ತಿಂಗಳ ಮಂಗಳೂರಿನಲ್ಲಿ! ಕಿಟಕಿ ತೆರೆಯುವಂತಿಲ್ಲ. ಎಸಿ ಹಾಕುವಂತಿಲ್ಲ, ಅದರ ನೀರು ತೊಟ್ಟಿಕ್ಕುವುದು ನೇರ ಮಟಿಲ್ಡಾ ಬಾಯಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ. ಬಂಗುಡೆ ಹುರಿಯುವಂತಿಲ್ಲ, ಪರಿಮಳಕ್ಕೆ ಬಾಗಿಲು ಹಾಕಲಾಗುವುದಿಲ್ಲ. ಮರುದಿನವಿಡೀ ಒಳಗೇ ಬೆಂದೆವು. ಮೂರನೆಯ ದಿನ ಬೆಳಿಗ್ಗೆ ಎದ್ದಾಗ ಪತಿರಾಯರು ಹಬೆಯಲ್ಲಿ ಬೆಂದ ಅಕ್ಕಿಯುಂಡೆ ಪುಂಡಿಯ ಹಾಗೆ ಕಾಣುತ್ತಿದ್ದರು.

“ಏಳಿ,” ಎಂದೆ. “ಆಗ್ರಾ ಹೋದರೆ ಹೋಗಲಿ. ನಾವು ಮಂಗಳೂರನ್ನೇ ಟೂರಿಸ್ಟುಗಳ ಹಾಗೆ ನೋಡುವ.”

ಟೋಪಿ, ಕಪ್ಪು ಕನ್ನಡಕ, ಮಾಸ್ಕು. ಕನ್ನಡಿಯಲ್ಲಿ ನೋಡಿಕೊಂಡರೆ ಬ್ಯಾಂಕು ದೋಚಲು ಹೊರಟ ದಂಪತಿ! ಹಿಂದಿನ ಓಣಿಯಿಂದ ರಿಕ್ಷಾ ಹತ್ತಿದೆವು.

“ಎಲ್ಲಿಂದ ಬಂದದ್ದು ಮೇಡಂ?” ಕೇಳಿದ ಚಾಲಕ.

“ದಿಲ್ಲಿ ಸೇ,” ಎಂದೆ, ಮಾಸ್ಕಿನೊಳಗಿಂದ.

ಇದಕ್ಕಿಂತ ದುಬಾರಿಯಾದ ಎರಡು ಶಬ್ದಗಳನ್ನು ನಾನು ಈ ತನಕ ಆಡಿಲ್ಲ. ನಾವು ಹೋಗಬೇಕೆಂದ ಬಾವುಟಗುಡ್ಡೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ರಿಕ್ಷಾ ಅದಕ್ಕೆ ಬೆನ್ನು ಹಾಕಿ ಹೊರಟಿತು. ಹೋಗಿ ಹೋಗಿ ಹೆದ್ದಾರಿ ಬಂತು.

“ಯೇ ಕೊಟ್ಟಾರ ಹೈ ಮೇಡಂ. ಬಹುತ್ ಫೇಮಸ್!” ಎಂದ ಆತ.

ಇದೇ ಊರಿನಲ್ಲಿ ಹುಟ್ಟಿ ಬೆಳೆದ ನಾನು “ಅಚ್ಛಾ?” ಎಂದು ಕಣ್ಣರಳಿಸಬೇಕಾಯಿತು. ಬಾಯಿಯ ತನಕ ಬಂದ ತುಳು ಬೈಗುಳವನ್ನು ಮಾಸ್ಕು ತಡೆಯಿತು.

“ಫ್ಲೈಓವರ್ ಚೆಂದ ಉಂಟು,” ಪಿಸುಗುಟ್ಟಿದರು ರಾಫೆಲ್. “ಶಾಹಜಹಾನ್ ಕಟ್ಟಿಸಿದ್ದಾ?”

ಬಾವುಟಗುಡ್ಡೆಯ ಚಾಪೆಲಿನ ಗೋಡೆ ಮಾಡುಗಳ ಮೇಲೆ ಚಿತ್ರಗಳೇ ಚಿತ್ರಗಳು. ನಾನು ನೋಡಿದ್ದು ಮಾತ್ರ ನೆಲವನ್ನು. ಒಳಗೆ ಕಾಲಿಡುವಾಗಲೇ ನಮ್ಮ ಇಗರ್ಜಿಯ ನಾಲ್ಕು ಹೆಂಗಸರು ಕಂಡರು. ಥಟ್ಟನೆ ಮೊಣಕಾಲೂರಿ ಮುಖ ಮುಚ್ಚಿಕೊಂಡೆ. ಅವರು ಮುಕ್ಕಾಲು ಗಂಟೆ ಹೋಗಲಿಲ್ಲ, ನಾನು ಮುಕ್ಕಾಲು ಗಂಟೆ ಏಳಲಿಲ್ಲ. ನನ್ನ ಮದುವೆಯ ಪೂಜೆಯಲ್ಲೂ ನಾನು ಇಷ್ಟು ಭಕ್ತಿ ತೋರಿಸಿರಲಿಲ್ಲ! ನಡು ಮಧ್ಯಾಹ್ನ ಸುಲ್ತಾನ್ ಬತ್ತೇರಿಯ ಕಾವಲುಗೋಪುರ ಹತ್ತಿದೆವು. ಅಲ್ಲಿ ಪರಿಚಯದವರು ಯಾರೂ ಇರಲಿಲ್ಲ, ಯಾಕೆಂದರೆ ಆ ಬಿಸಿಲಿಗೆ ಬರುವಷ್ಟು ತಲೆಕೆಟ್ಟವರು ಬೇರೆ ಯಾರೂ ಇರಲಿಲ್ಲ.

“ರೊಸಾಲಿನ್, ನನಗೆ ಎರಡೆರಡು ಕಾಣ್ತಾ ಉಂಟು,” ಎಂದರು ರಾಫೆಲ್. “ನೀನು ಒಬ್ಬಳೇ ಸಾಕು ಮಾರಾಯ್ತಿ. ಎಲ್ಲಾದರೂ ಎಸಿ ಇರುವಲ್ಲಿ ಮಲಗುವ.”

ಬಹುತ್ ಫೇಮಸ್ ಕೊಟ್ಟಾರದಲ್ಲಿ ಬೆಳಿಗ್ಗೆ ಒಂದು ಲಾಡ್ಜಿನ ಬೋರ್ಡು ಕಂಡಿತ್ತು. ಹೋದೆವು. ಮೇಜಿನ ಹಿಂದೆ ಮ್ಯಾನೇಜರ್ ಮೋಹನದಾಸ್, ಮೂಗಿನ ತುದಿಯಲ್ಲಿ ಕನ್ನಡಕ. ನಮ್ಮ ಆಧಾರ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಜಾತಕ ನೋಡುವವರ ಹಾಗೆ ನೋಡಿದರು.

“ಇವರ ಮನೆ ಫಳ್ನೀರ್. ನಿಮ್ಮದು ಅತ್ತಾವರ. ಇವರ ಹೆಂಡತಿಯ ಹೆಸರು ಇದರಲ್ಲಿ ಇಲ್ಲ. ನಿಮ್ಮದರಲ್ಲಿ ಅಪ್ಪನ ಹೆಸರು ಉಂಟು.”

ಆಧಾರ್ ಮಾಡಿಸಿದ್ದು ಮದುವೆಗೆ ಮೊದಲಿನ ದಾಖಲೆ ಕೊಟ್ಟು. ಆ ತವರಿನ ವಿಳಾಸ ಬದಲಿಸಲು ನನಗೆ ಇಷ್ಟು ವರ್ಷ ಪುರುಸೊತ್ತಾಗಿರಲಿಲ್ಲ!

“ನಾವು ಗಂಡ ಹೆಂಡತಿ,” ಎಂದೆ.

“ಎಲ್ಲರೂ ಹಾಗೇ ಹೇಳುವುದು. ಇದೇ ಊರಿನಲ್ಲಿ ಎರಡು ಮನೆ ಇಟ್ಟುಕೊಂಡು, ಮುಖ ಮುಚ್ಚಿಕೊಂಡು, ಮಟ ಮಧ್ಯಾಹ್ನ ರೂಮ್ ಯಾಕೆ? ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಮೇಡಂ?”

“ಹೇಳಿ ಮಾರಾಯ್ರೆ!” ಎಂದು ಪತಿರಾಯರನ್ನು ತಿವಿದೆ.

“ಮರ್ಯಾದೆಯಿಂದ ಮಾತಾಡಿ,” ಗುಡುಗಿದರು ರಾಫೆಲ್. “ಅಂಥ ಕೆಲಸಕ್ಕೆ ಬರುವುದಾದರೆ ನಾನು ಇವಳನ್ನು ಕರ್ಕೊಂಡು ಬರ್ತೇನಾ?”

ಮೋಹನದಾಸ್ ತಲೆ ಬಗ್ಗಿಸಿದರು. ಒಪ್ಪಲು ಅಲ್ಲ, ಫೋನಿನ ರಿಸೀವರ್ ಎತ್ತಲು. “ಸ್ಟೇಷನ್ನಿಗೆ ಒಂದು ಮಾತು ಹೇಳುತ್ತೇನೆ. ಇಲ್ಲವಾದರೆ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದರೆ ಹೇಳಿಸಿ. ಸಂಬಂಧಿಕರು ಬೇಡ. ನೆರೆಮನೆಯವರು.”

ನನ್ನ ಮುಂದೆ ಎರಡೇ ದಾರಿ. ಪೊಲೀಸರ ಎದುರು ಕೆಟ್ಟ ಹೆಂಗಸಾಗುವುದು, ಇಲ್ಲವೇ ನೆರೆಮನೆಯವರ ಎದುರು ಸುಳ್ಳಿಯಾಗುವುದು. ಜಯಳ ಫೋನು ಸ್ವಿಚ್ ಆಫ್. ಉಳಿದದ್ದು ಒಂದೇ ನಂಬರು. ಕಣ್ಣು ಮುಚ್ಚಿ ಒತ್ತಿ, ಸ್ಪೀಕರ್ ಹಾಕಿದೆ. ಮೋಹನದಾಸ್ ವಿಷಯ ಕೇಳಿದರು.

“ಗಂಡ ಹೆಂಡತಿಯಾ?” ಎಂದಿತು ಮಟಿಲ್ಡಾ ಬಾಯಿಯ ಧ್ವನಿ. “ಇಪ್ಪತ್ತೈದು ವರ್ಷದಿಂದ ನನ್ನ ತಲೆಯ ಮೇಲೇ ಜಗಳ ಆಡ್ತಿದ್ದಾರೆ. ಅಂಥವರಿಗೆ ನಮ್ಮಲ್ಲಿ ಗಂಡ ಹೆಂಡತಿ ಅಂತ್ಲೇ ಹೇಳುವುದು. ಎಸಿ ಇರುವ ರೂಮ್ ಕೊಡಿ. ರೊಸಾಲಿನ್, ಆಗ್ರಾದಲ್ಲಿ ಸೆಕೆ ಹೇಗುಂಟು?”

“ಬಾಯಿ... ಅದು...”

“ಮೊನ್ನೆ ನಿಮ್ಮ ಫ್ಲಶ್ ನನ್ನ ಬಾತ್‌ರೂಮಿನ ಪೈಪಿನಲ್ಲಿ ಕೇಳಿತು. ಕಳ್ಳ ಬಂದ ಅಂತ ಹೆದರಿದೆ. ಮತ್ತೆ ರಾಫೆಲ್‌ನ ಗೊರಕೆ ಕೇಳಿತು. ಸಮಾಧಾನ ಆಯ್ತು.”

“ಯಾರಿಗಾದರೂ...?”

“ಯಾರಿಗೂ ಹೇಳ್ಲಿಲ್ಲ ಮಾರಾಯ್ತಿ! ಕಟ್ಟಡದ ಮರ್ಯಾದೆ ಅಲ್ವಾ? ಜಯ ಕೇಳಿದ್ಳು. ರೊಸಾಲಿನ್ ತಾಜ್ ಮಹಲ್ ನೋಡಿ ಗಳಗಳ ಅತ್ತಳಂತೆ ಅಂತ ಹೇಳಿದೆ. ಮತ್ತೆ, ಎಲ್ಲ ಮನೆಗೂ ಆಗ್ರಾದ ಪೇಠಾ ತರ್ತಾಳೆ ಅಂತ್ಲೂ ಹೇಳಿದ್ದೇನೆ. ಬರಿಗೈಯಲ್ಲಿ ಬಂದು ನನ್ನನ್ನು ಸುಳ್ಳಿ ಮಾಡಬೇಡ ಆಯ್ತಾ?”

ಅಂತೂ ಆ ವಾರದಲ್ಲಿ ನಾವು ಮಂಗಳೂರನ್ನು ಸಂಪೂರ್ಣ ನೋಡಿದೆವು. ಗುಡಿ, ಗೋಪುರ, ಕಡಲತೀರಗಳನ್ನಲ್ಲ, ಒಂದೊಂದೇ ಸಿಹಿತಿಂಡಿಯ ಅಂಗಡಿಯನ್ನು! ಏಳನೆಯ ದಿನ, ಹದಿನೇಳನೆಯ ಅಂಗಡಿಯಲ್ಲಿ ಪೇಠಾ ಸಿಕ್ಕಿತು. ಲೇಬಲ್ಲು ಕೆರೆದು ಕೆರೆದು ನನ್ನ ಉಗುರು ಹೋಯಿತು.

ಅಂದು ಸಂಜೆ ಕಟ್ಟಡದ ಕೆಳಗೆ ಎಲ್ಲರೂ ಸೇರಿದ್ದರು. ನಾನು ಆಗ್ರಾದ ಬಿಸಿಲು, ಯಮುನೆಯ ನೀರು, ತಾಜ್ ಮಹಲಿನ ಬಿಳುಪನ್ನೆಲ್ಲ ವರ್ಣಿಸುತ್ತ ಡಬ್ಬಿಗಳನ್ನು ಹಂಚಿದೆ. ಮಟಿಲ್ಡಾ ಬಾಯಿ ಪ್ರತಿ ವಾಕ್ಯಕ್ಕೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಜಯ ಒಂದು ತುಂಡು ಬಾಯಿಗೆ ಹಾಕಿಕೊಂಡಳು.

“ಲಾಯ್ಕ ಉಂಟು ರೊಸಾಲಿನಕ್ಕ! ಇದು ಎಂತದ್ರಲ್ಲಿ ಮಾಡುವುದು?”

ಉತ್ತರ ಕೊಟ್ಟದ್ದು ಮಟಿಲ್ಡಾ ಬಾಯಿ, ನನ್ನನ್ನೇ ನೋಡುತ್ತ: “ಕುಂಬಳಕಾಯಿ.”

ಅಷ್ಟೂ ಜನರ ಎದುರು, ನನ್ನ ಕೈ ತಾನಾಗಿ ಹೋಗಿ ನನ್ನ ಹೆಗಲನ್ನು ಮುಟ್ಟಿ ನೋಡಿತು!