ನನ್ನ ದೆವ್ವಕ್ಕೆ ಯಾರೂ ಅಂಜಲಿಲ್ಲ

ಹೆದರುವುದು ಸುಲಭ, ಹೆದರಿಸುವುದು ಕಷ್ಟ. ಹಲ್ಲಿ ಕಂಡರೂ ಹೌಹಾರುವ ನಾನು ಹೋದ ವರ್ಷ ದೆವ್ವದ ಕಾದಂಬರಿ ಬರೆಯಲು ಕುಳಿತ ಮೇಲೆ ಈ ಸತ್ಯ ತಿಳಿಯಿತು. ನನಗೆ ರಾಯಚೂರಿನಲ್ಲಿ ಮನೆ, ಮಾನ್ವಿಯ ಕಾಲೇಜೊಂದರಲ್ಲಿ ಗುಮಾಸ್ತಿಕೆ. ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲಿ ತೂಕಡಿಸುವ ಬದಲು ಏನಾದರೂ ಘನಕಾರ್ಯ ಮಾಡೋಣವೆಂದು ಶುರುಮಾಡಿದ್ದು. ಒಂದು ಪಾಳುವಾಡೆ, ಅದಕ್ಕೆ ಬಾಡಿಗೆಗೆ ಬಂದ ಸಂಸಾರ, ಸೊಸೆಯ ಮೈಮೇಲೆ ಬರುವ ದೆವ್ವ. ಓದಿದವರು ಒಬ್ಬರೇ ಬಚ್ಚಲಿಗೆ ಹೋಗಲು ಅಂಜಬೇಕು, ಅಷ್ಟೇ ನನ್ನ ಆಸೆ.

ಮೊದಲು ಕೇಳಿಸಿದ್ದು ಹೆಂಡತಿ ಶಾಂತಾಳಿಗೆ. ಬೇಸಿಗೆಯ ಮಧ್ಯಾಹ್ನ, ಕರೆಂಟು ಹೋಗಿತ್ತು. ದೆವ್ವ ಬರುವ ಮುಂಚೆ ವಾಡೆಯೊಳಗೆ ಮೈ ಕೊರೆಯುವ ತಣ್ಣನೆಯ ಗಾಳಿ ಬೀಸುವ ಭಾಗವನ್ನು ದನಿ ತಗ್ಗಿಸಿ ಓದಿದೆ. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಬಾಡಿಗಿ ಎಷ್ಟಂತ ಆ ಮನಿಗೆ? ನಾವೂ ಹೋಗೋಣೇನ್ರಿ?" ಎಂದಳು.

ನನಗೆ ನಿಜಕ್ಕೂ ಬೇಸರವಾಯಿತು. ಒಬ್ಬರನ್ನಾದರೂ ಹೆದರಿಸದೆ ಬಿಡುವುದಿಲ್ಲವೆಂದು ಹಟ ತೊಟ್ಟು ಮತ್ತೆ ತಿದ್ದತೊಡಗಿದೆ. ಊಟದ ತಟ್ಟೆಯ ಮುಂದೆ ದೆವ್ವದ ಮಾತು ಗೊಣಗುತ್ತಿದ್ದೆ. ಕನ್ನಡಿಯೆದುರು ನಿಂತು ಅದರ ನಗೆ ನಕ್ಕು ನೋಡುತ್ತಿದ್ದೆ. ಒಮ್ಮೆ ಮಾನ್ವಿಯಲ್ಲಿ ಇಳಿಯುವುದನ್ನೇ ಮರೆತು ಸಿಂಧನೂರು ತಲುಪಿದೆ. ಪಕ್ಕದ ಸೀಟಿನವರು ಯಾವಾಗಲೋ ಎದ್ದು ಹಿಂದೆ ಹೋಗಿದ್ದರು. ಅವರು ಹೆದರಿದ್ದು ನನಗೇ ಹೊರತು ಕಾದಂಬರಿಗಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅದೇ ವಾರದ ಭಾನುವಾರ ದೇವದುರ್ಗದಿಂದ ಅತ್ತೆ ಬಂದಿಳಿದರು. ಬರುವ ಸುದ್ದಿಯೇ ಇರಲಿಲ್ಲ. ಕೈಕಾಲು ತೊಳೆದು ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತು, "ಏನೋ ಬರಿಯಾಕತ್ತೀರಂತ, ಓದ್ರಿ, ಕೇಳ್ತೀನಿ" ಎಂದರು. ಅತ್ತೆಯೇ ತಾವಾಗಿ ಕೇಳಿದ ಮೇಲೆ ಬಿಡುವುದುಂಟೆ? ನಾಲ್ಕು ಅಧ್ಯಾಯ ಒಂದೇ ಉಸಿರಿಗೆ ಓದಿದೆ. ಸೊಸೆ ತಂಬಿಗೆ ಎಸೆಯುತ್ತಾಳೆ, ಬೇರೆ ಯಾರದೋ ದನಿಯಲ್ಲಿ ಚೀರುತ್ತಾಳೆ, ಮನೆಮಂದಿ ಕದ ಹಾಕಿಕೊಂಡು ನಡುಗುತ್ತಾರೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

"ಆ ಮನ್ಯಾಗ ಹಿರೇರು ಒಬ್ರೂ ಇಲ್ಲೇನ್ರಿ?"

"ಯಾಕ್ರಿ ಅತ್ತಿ?"

"ಮೈಮ್ಯಾಲ ಬಂದದ ಅಂದ್ರ ಎದ್ರಿಗಿ ಕುಂತು ಕೇಳ್ಬೇಕಲ್ಲ, ಯಾರವ್ವಾ ನೀನು, ಏನ್ ಬೇಕು ಅಂತ. ನಮ್ಮ ಓಣ್ಯಾಗ ಒಬ್ಬಾಕಿ ಮೈಮ್ಯಾಲ ಬಂದದ್ದು ಹಸರ ಸೀರಿ, ಹೋಳಿಗಿ ಊಟ ಬೇಡಿತ್ತು. ಕೊಟ್ವಿ, ಹೋತು. ಅದಕ್ಕ ಇಷ್ಟೆಲ್ಲಾ ಯಾಕ್ ಬರೀಬೇಕು?"

ಹಾಗೆ ಕೇಳಿಬಿಟ್ಟರೆ ಕಾದಂಬರಿ ಮೂರನೆಯ ಪುಟಕ್ಕೇ ಮುಗಿಯುತ್ತದೆ, ದೆವ್ವದ ಬಯಕೆ ಕೊನೆಯತನಕ ಗುಟ್ಟಾಗಿರಬೇಕು, ಅದೇ ಕಲೆ ಎಂದು ವಾದಿಸಿದೆ. ಕಣ್ಣು ಅರಳಿಸಿ, ಕೈ ಬೀಸಿ, ದನಿ ಏರಿಸಿ ಹೇಳಿದೆನೆಂದು ಕಾಣುತ್ತದೆ. ಅತ್ತೆ ಮಗಳ ಕಡೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತಾ ಹೌದೆಂದು ತಲೆಯಾಡಿಸಿದಳು. ಅವ್ವನನ್ನು ಅವಳು ಕರೆಸಿದ್ದು ಕಾದಂಬರಿ ಕೇಳಿಸಲು ಅಲ್ಲವೆಂದು ಆಗ ತಿಳಿಯಿತು.

ಅತ್ತೆ ಚಾಪೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಬಹಳ ಮೆತ್ತಗೆ, "ಯಾರಪ್ಪಾ ನೀನು? ನಮ್ಮ ಅಳಿಯಾರನ್ನ ಯಾಕ್ ಹಿಡದಿ? ಏನ್ ಬೇಕು ನಿನಗ?" ಎಂದರು.

ಸಿಟ್ಟು ಬರಬೇಕಿತ್ತು. ಆದರೆ ನನಗೇನು ಬೇಕೆಂದು ಇಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ.

"ಒಬ್ಬರಾದ್ರೂ ಅಂಜಬೇಕು" ಎಂದೆ.

"ಅಷ್ಟ ಹೌದಲ್ಲ? ಶಾಂತಾ ಅಂಜ್ಯಾಳ, ರಾತ್ರಿ ನಿದ್ದಿ ಬಿಟ್ಟು ಎಷ್ಟೋ ದಿನ ಆತು. ಈಗ ನಾನೂ ಅಂಜೀನಿ. ಇನ್ನ ಬಿಟ್ಟು ಹೋಗಪ್ಪಾ."

ಶಾಂತಾಳ ಮುಖ ನೋಡಿದೆ. ವರ್ಷವಿಡೀ ಹೆಣಗಿದರೂ ನನ್ನ ಹಾಳೆಗಳ ಮೇಲೆ ಮೂಡದ ಹೆದರಿಕೆ ಅಲ್ಲಿತ್ತು. ಬೇಡಿದ್ದು ಸಿಕ್ಕ ಮೇಲೂ ಉಳಿಯುವುದು ಮರ್ಯಾದಸ್ಥ ದೆವ್ವದ ಲಕ್ಷಣವಲ್ಲ. ಹಾಳೆ ಮಡಚಿಟ್ಟು ಎದ್ದೆ.